ಪಡಸಾಲೆಯ ಪಾಚಿ

ಮೀನಿನ ತೊಟ್ಟಿ ನಮ್ಮ ಮನೆಗೆ ಬಂದದ್ದು ಶಿವರಾತ್ರಿಗೆ ಮೊದಲೋ ಆಮೇಲೋ ಎನ್ನುವ ಬಗ್ಗೆ ನನಗೂ ನನ್ನ ಗಂಡನಿಗೂ ಇನ್ನೂ ಒಮ್ಮತವಿಲ್ಲ. ಅವರು ಮೊದಲು ಅನ್ನುತ್ತಾರೆ, ನಾನು ಆಮೇಲೆ ಅನ್ನುತ್ತೇನೆ. ದಿನಚರಿ ಬರೆಯುವ ಚಟ ನನಗೆ ಧಾರವಾಡದಲ್ಲಿ ಇತಿಹಾಸ ಎಂ.ಎ. ಓದುವಾಗಲೇ ಅಂಟಿಕೊಂಡಿತ್ತು. ಆದರೆ ಆ ವರ್ಷದ ದಿನಚರಿಯಲ್ಲಿ ಇರುವುದು ನಲ್ಲಿಗೆ ನೀರು ಬಂದ ದಿನ, ಬಾರದ ದಿನ, ಶಾಲೆಯ ಪರೀಕ್ಷೆ, ಯಾರದೋ ಮದುವೆಯ ಊಟ. ತೊಟ್ಟಿಯ ಬಗ್ಗೆ ಒಂದು ಸಾಲೂ ಇಲ್ಲ. ಮನೆಮಂದಿಯೆಲ್ಲ ಬೆಳಗಿನಿಂದ ಸಂಜೆಯವರೆಗೆ ಆಡಿಕೊಳ್ಳುವ ಸಂಗತಿಯನ್ನು ಮತ್ತೆ ಬರೆದಿಡಬೇಕು ಅಂತ ಯಾರಿಗೂ ಅನ್ನಿಸುವುದಿಲ್ಲವೇನೋ. ಹಾಗಾಗಿ ಮುಂದೆ ಹೇಳುವುದೆಲ್ಲ ಬರೀ ನೆನಪಿನ ಮಾತು. ನನ್ನ ನೆನಪು ಮಾತುಗಳನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತದೆ. ಅವನ್ನು ಯಾರು ಆಡಿದರು ಎನ್ನುವುದನ್ನು ಮಾತ್ರ ತನಗೆ ಬೇಕಾದಂತೆ ಅದಲು ಬದಲು ಮಾಡಿಕೊಳ್ಳುತ್ತದೆ.

ಎರಡು ಸಾವಿರದ ಇಸವಿ ಕಳೆದು ಇನ್ನೂ ಬಹಳ ವರ್ಷ ಆಗಿರಲಿಲ್ಲ. ಕೊಟ್ಟೂರಿನ ಆ ಮನೆಯಲ್ಲಿ ನಾವು ನಾಲ್ವರು. ಮಾವ ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರಾಗಿ ನಿವೃತ್ತರಾಗಿದ್ದರು. ಅತ್ತೆಯದು ಮನೆಯ ಯಜಮಾನಿಕೆ. ಅದಕ್ಕೆ ನಿವೃತ್ತಿ ಇರಲಿಲ್ಲ. ಗಂಡ ಹರಪನಹಳ್ಳಿಯ ಮೆಕ್ಕೆಜೋಳದ ದಲಾಲಿ ಅಂಗಡಿಯೊಂದರಲ್ಲಿ ಕೆಲಸ ನೋಡಿಕೊಳ್ಳುತ್ತ ದಿನಾ ಹೋಗಿಬರುತ್ತಿದ್ದರು. ನಾನು ಹಡಗಲಿಯಿಂದ ಬಂದ ಸೊಸೆ, ಊರಿನ ಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಿದ್ದೆ.

ಮಾವನಿಗೆ ಬಿ.ಪಿ. ಇತ್ತು. ಅವರು ನಿವೃತ್ತರಾದ ಮೇಲೆ ಅದು ಅತ್ತೆಗೂ ಬರುವ ಲಕ್ಷಣ ಕಂಡಿತು. ತಿದ್ದಲು ಹುಡುಗರ ಹಾಳೆಗಳಿಲ್ಲದೆ ಮಾವ ಮನೆಯನ್ನೇ ತಿದ್ದತೊಡಗಿದ್ದರು. ರೊಟ್ಟಿ ಒಂದು ಕಡೆ ಚೂಪಾಗಿದೆ, ರಂಗೋಲಿ ಎಡಕ್ಕೆ ವಾಲಿದೆ, ಹಗ್ಗದ ಮೇಲೆ ಸೀರೆ ಒಣಹಾಕಿದ್ದು ಸಮ ಬಂದಿಲ್ಲ. "ಹಿಂಗಾದ್ರ ನಾ ನಮ್ಮಕ್ಕನ ಮನಿಗೆ ಕೂಡ್ಲಿಗಿಗೆ ಹೋಗಿಬಿಡ್ತೀನಿ, ನೀವು ಒಬ್ರೇ ಕುಂತು ಗ್ವಾಡಿ ತಿದ್ಕೋರಿ" ಅಂತ ಅತ್ತೆ ವಾರಕ್ಕೊಮ್ಮೆಯಾದರೂ ಅನ್ನುತ್ತಿದ್ದರು.

ದಾವಣಗೆರೆಯಲ್ಲಿ ಮಾವ ತೋರಿಸಿಕೊಳ್ಳುತ್ತಿದ್ದ ಡಾಕ್ಟರು ದವಾಖಾನೆಯ ಹೊರಗಿನ ಕೋಣೆಯಲ್ಲಿ ಗಾಜಿನ ತೊಟ್ಟಿಯೊಂದನ್ನು ಇಟ್ಟಿದ್ದರು. ಸರದಿ ಕಾಯುತ್ತ ಮಾವ ಅದರ ಮುಂದೆ ಬಹಳ ಹೊತ್ತು ಕೂತರಂತೆ, ಯಾರನ್ನೂ ಏನನ್ನೂ ತಿದ್ದದೆ. ಒಳಗೆ ಹೋದಾಗ ಬಿ.ಪಿ. ಇಳಿದಿತ್ತು. "ಹಂಗಾರೆ ನಿಮ್ಮನೇಲೂ ಒಂದು ಇಟ್ಕಳಿ ಮೇಷ್ಟ್ರೇ" ಅಂದರಂತೆ ಡಾಕ್ಟರು. ಅದು ತಮಾಷೆಯೋ ನಿಜವೋ ತಿಳಿಯದು. ಮಾವ ಮಾತ್ರ ಅದನ್ನು ಗುಳಿಗೆಗಳ ಜೊತೆಗೇ ಬರೆದುಕೊಟ್ಟ ಔಷಧಿ ಅಂತ ತೆಗೆದುಕೊಂಡರು.

ತೊಟ್ಟಿ ಗೋಣಿಚೀಲ, ಹುಲ್ಲು ಸುತ್ತಿಸಿಕೊಂಡು ಬಸ್ಸಿನ ಹಿಂದಿನ ಸೀಟಿನಲ್ಲಿ ಬಂತು. ಮೀನುಗಳು ನನ್ನ ಗಂಡನ ತೊಡೆಯ ಮೇಲೆ, ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬಂದವು. ಹೊಸ್ತಿಲಲ್ಲಿ ಅತ್ತೆ ನಿಂತಿದ್ದರು.

"ಮೀನಾ? ಲಿಂಗ ಕಟ್ಟಿದ ಮನ್ಯಾಗ ಮೀನಾ?"

"ತಿನ್ನಾಕಲ್ಲ, ನೋಡಾಕ" ಅಂದರು ಮಾವ.

"ನೋಡಿ ನೋಡಿ ಒಂದಿನ ನಾಲಿಗಿಗೆ ಆಸಿ ಹತ್ತಿದ್ರ?"

ಎದುರಿನ ಬಟ್ಟೆ ಅಂಗಡಿಯವರಿಗೆ ಇಷ್ಟೇ ಸಾಕಾಯಿತು. "ಏನ್ರಿ ಮಾಸ್ತರ, ಇಷ್ಟು ಸಣ್ಣವು ಸಾರಿಗೆ ಸಾಲ್ತಾವೇನ್ರಿ?" ಅಂತ ಬೀದಿಯ ಆ ಬದಿಯಿಂದಲೇ ಕೂಗಿದರು. ಆಮೇಲೆ ಆ ಮಾತು ಓಣಿಯ ಕುಶಲೋಪರಿಯೇ ಆಗಿಹೋಯಿತು.

ದಾವಣಗೆರೆಯ ಮೀನಿನಂಗಡಿಯವನು ಕೊಟ್ಟ ಆಹಾರದ ಡಬ್ಬಿ ಒಂದೇ ದಿನ ಮನೆಯಲ್ಲಿತ್ತು. ಮುಚ್ಚಳ ತೆಗೆದು ಮೂಸಿದ ಅತ್ತೆ ಒಳಗಿರುವುದು ಒಣಗಿದ ಹುಳ ಅಂತ ಕಂಡುಹಿಡಿದರು. "ನಮ್ಮ ಮನ್ಯಾಗ ಇರೋವು ನಮ್ಮಂಗ ಉಣ್ಣಬೇಕು" ಅಂತ ತೀರ್ಪಾಯಿತು. ಅಂದಿನಿಂದ ಮೀನುಗಳು ಪುಡಿ ಮಾಡಿದ ಮಂಡಕ್ಕಿ, ರೊಟ್ಟಿಯ ಚೂರು, ಹಬ್ಬದ ದಿನ ಹೋಳಿಗೆಯ ಅಂಚು ತಿಂದು ಬದುಕಿದವು. ಅವು ಇದರಿಂದ ಬಡವಾದವು ಅಂತ ಹೇಳಲಾರೆ. ಅವುಗಳಲ್ಲಿ ಒಂದು ಕಿತ್ತಳೆ ಬಣ್ಣದ್ದು ಎಷ್ಟು ಉಬ್ಬಿತೆಂದರೆ ನನ್ನ ಗಂಡ ಅದನ್ನು ತಮ್ಮ ಅಂಗಡಿಯ ಸಾಹುಕಾರರಿಗೆ ಹೋಲಿಸುತ್ತಿದ್ದರು.

ಮಾವನಿಗೆ ಪ್ಲಾಸ್ಟಿಕ್ ಗಿಡಗಳು ಆಗಿಬರಲಿಲ್ಲ. ಡ್ರಾಯಿಂಗ್ ಕಲಿಯುವ ಹುಡುಗರು ಬರೆದಂತೆ ಕಾಣುತ್ತವೆ ಅಂದರು. ನಿಜವಾದ ಗಿಡ ಬೇಕು. ನಾನು ತವರಿಗೆ ಹೋದಾಗ ನಮ್ಮಣ್ಣ ಹೊಳೆಯ ದಡದ ಆಳವಿಲ್ಲದ ಕಡೆಯಿಂದ ರಿಬ್ಬನ್ನಿನಂತೆ ಉದ್ದುದ್ದ ಬೆಳೆಯುವ ನೀರುಹುಲ್ಲನ್ನು ಬೇರುಸಹಿತ ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿಕೊಟ್ಟ. ಮಾವ ಆ ಹುಲ್ಲನ್ನು ನೆಟ್ಟದ್ದನ್ನು ನೋಡಬೇಕಿತ್ತು. ಪೆನ್ಸಿಲ್ ಹಿಡಿದ ಕೈ ಮುಂದೆ ಚಾಚಿ, ಒಂದು ಕಣ್ಣು ಮುಚ್ಚಿ, ಎತ್ತರದ್ದು ಹಿಂದೆ, ಗಿಡ್ಡದ್ದು ಮುಂದೆ, ನಡುವೆ ಹಾದಿಯಷ್ಟು ಮರಳು, ನಟ್ಟನಡುವೆ ಅಲ್ಲದಂತೆ ಒಂದು ಕಲ್ಲು. ಸಂಜೆ ಟ್ಯೂಬ್‌ಲೈಟ್ ಹಾಕಿದಾಗ ನಮ್ಮ ಪಡಸಾಲೆಯ ಗೋಡೆಯಲ್ಲಿ ಹೊಳೆಯ ಒಂದು ತುಂಡು ಕಾಣುತ್ತಿತ್ತು. ಆ ರಾತ್ರಿಯ ರೊಟ್ಟಿಗಳ ಆಕಾರದ ಬಗ್ಗೆ ಮಾವ ಏನೂ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಅತ್ತೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಪಾಚಿ ಶುರುವಾದದ್ದು ಯಾವಾಗ ಅಂತ ಖಚಿತವಾಗಿ ಹೇಳಲು ಬರುವುದಿಲ್ಲ. ಪಾಚಿಯ ಗುಣವೇ ಅದು. ಮೊದಲು ಗಾಜಿನ ಮೇಲೆ ಹಸಿರು ಧೂಳು ಕೂತಂತೆ ಕಂಡಿತು. ಆಮೇಲೆ ಹುಲ್ಲಿನ ಅಂಚಿಗೆ ಎಳೆಗಡ್ಡ ಬಂತು, ಕಲ್ಲಿಗೆ ಮಖಮಲ್ಲಿನ ಟೋಪಿ ಬಂತು. ಕೊನೆಗೆ ನೀರೇ ಪಾಲಕ್ ಸೊಪ್ಪು ಬೇಯಿಸಿ ಬಸಿದಂತಾಯಿತು. ಮೀನುಗಳು ಗಾಜಿನ ಹತ್ತಿರ ಬಂದರೆ ಉಂಟು, ದೂರ ಹೋದರೆ ಇಲ್ಲ.

"ಮಂದಿ ಸೊಸ್ತೇರು ಹಡಗಲಿಯಿಂದ ಮಲ್ಲಿಗಿ ತರ್ತಾರ" ಅಂದರು ಅತ್ತೆ, ಹೂ ಕಟ್ಟಲು ಬಂದಿದ್ದ ಪಕ್ಕದ ಮನೆಯಾಕೆಗೆ ಕೇಳುವಂತೆ. "ನಮ್ಮಾಕಿ ಪಾಚಿ ತಂದಾಳ."

"ನಾ ತಂದಾಗ ಹುಲ್ಲಷ್ಟೇ ಇತ್ತು ಅತ್ತಿ. ಪಾಚಿ ನಿಮ್ಮೂರಿಗೆ ಬಂದ ಮ್ಯಾಲ ಹುಟ್ಟಿದ್ದು" ಅಂತ ನಾನೂ ಬಿಡಲಿಲ್ಲ.

ಇದೆಲ್ಲ ನಗುವಿನಲ್ಲೇ ನಡೆಯುತ್ತಿತ್ತು, ಶ್ರಾವಣದ ಮಾತು ಬರುವವರೆಗೆ. ಮಠದ ಸ್ವಾಮಿಗಳನ್ನು ನಮ್ಮ ಕಡೆ ಅಜ್ಜಾರು ಅನ್ನುತ್ತೇವೆ. ಆ ವರ್ಷ ಶ್ರಾವಣದಲ್ಲಿ ಅಜ್ಜಾರನ್ನು ಮನೆಗೆ ಕರೆಸಿ ಪಾದಪೂಜೆ ಮಾಡಬೇಕೆಂದು ಅತ್ತೆ ಹರಕೆ ಹೊತ್ತಿದ್ದರು. ಅವರನ್ನು ಕೂರಿಸಬೇಕಾದದ್ದು ಪಡಸಾಲೆಯಲ್ಲಿ. ಪಡಸಾಲೆಯಲ್ಲಿ ಈ ಹಸಿರು ತೊಟ್ಟಿ.

"ಏನ್ರಿ, ಕೇಳ್ರಿ ಇಲ್ಲಿ" ಅಂದರು ಅತ್ತೆ ಒಂದು ಸಂಜೆ. ದನಿ ತಮಾಷೆಯದಾಗಿರಲಿಲ್ಲ. "ಶ್ರಾವಣದೊಳಗ ನೀರು ತಿಳಿ ಆದ್ರ ಇರಲಿ. ಇಲ್ಲಂದ್ರ ಮನಿಯಿಂದ ಹೊರಗ ಹೋಗಬೇಕು ಇದು. ಅಜ್ಜಾರ ಕುಂದ್ರೋ ಕಡೆ ಕೊಳಚಿ ಇಟ್ಕೊಂಡು ನಾ ಪಾದ ತೊಳಿಯಂಗಿಲ್ಲ."

ಮಾವ "ಆಗಲಿ" ಅಂದರು. ಅಷ್ಟೇ ಅಂದರು. ಆದರೆ ಅವತ್ತು ತೊಟ್ಟಿಯ ಮುಂದೆ ಕೂತವರು ಊಟಕ್ಕೆ ಕರೆದರೂ ಬೇಗ ಏಳಲಿಲ್ಲ. ಹೊರಗೆ ಎಂದರೆ ಬಿಸಿಲು ಸುಡುವ ತಗಡಿನ ಶೆಡ್ಡು. ಅಲ್ಲಿ ಮೀನು ಒಂದು ಬೇಸಿಗೆಯನ್ನೂ ಕಾಣಲಾರವು ಅಂತ ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಹೀಗೆ ಪಾಚಿಯ ಮೇಲೆ ಯುದ್ಧ ಶುರುವಾಯಿತು. ಇತಿಹಾಸದ ವಿದ್ಯಾರ್ಥಿಯಾಗಿ ಹೇಳುವುದಾದರೆ ಸೋತ ಯುದ್ಧಗಳಲ್ಲೆಲ್ಲ ಇರುವಂತೆ ಇದರಲ್ಲೂ ಮೊದಲಿಗೆ ಸಣ್ಣಪುಟ್ಟ ಗೆಲುವುಗಳಿದ್ದವು.

ಬೆಳಕು ಹೆಚ್ಚಾಗಿದೆ ಅಂತ ಮಾವನಿಗೆ ಮೊದಲು ಹೊಳೆಯಿತು. ನೋಡುವ ಆಸೆಗೆ ಇಡೀ ದಿನ ಟ್ಯೂಬ್‌ಲೈಟ್ ಹಾಕಿಡುತ್ತಿದ್ದವರು ಅವರೇ; ಕರೆಂಟು ಹೋದಾಗ ಮಾತ್ರ ಪಾಚಿಗೆ ವಿಶ್ರಾಂತಿ ಸಿಗುತ್ತಿತ್ತು. ಈಗ ದೀಪ ಸಂಜೆಗೆ ಮಾತ್ರ ಅಂತಾಯಿತು. ಕಿಟಕಿಗೆ ಹಳೆಯ ಪೇಪರು ಅಂಟಿಸಿದರು. ಪಡಸಾಲೆಯಲ್ಲಿ ಕತ್ತಲಾಗಿ ಅತ್ತೆ ಅಕ್ಕಿ ಆರಿಸಲು ಕಟ್ಟೆಗೆ ಹೋಗಿ ಕೂತರು. ಪಾಚಿ ಒಂದಿಷ್ಟು ಮಂಕಾಯಿತು, ಹೋಗಲಿಲ್ಲ.

ಆಮೇಲೆ ಕೆರೆಯಿಂದ ಬಸವನಹುಳುಗಳು ಬಂದವು. ಅವು ಪಾಚಿ ತಿನ್ನುತ್ತವೆ ಅಂತ ಯಾರೋ ಹೇಳಿದ್ದರು. ಮನೆಗೆ ಮತ್ತೆ ಹುಳ ಬಂದದ್ದಕ್ಕೆ ಅತ್ತೆ ಬಾಯಿ ತೆರೆದವರು ಹೆಸರು ಕೇಳಿ ಮುಚ್ಚಿಕೊಂಡರು. ಬಸವನ ಹೆಸರಿಟ್ಟುಕೊಂಡವನ್ನು ಹೊರಗೆ ಹಾಕು ಅನ್ನುವುದು ಹೇಗೆ? ಹುಳುಗಳು ಪಾಚಿಯನ್ನು ಒಂದೆರಡು ದಿನ ಮುಟ್ಟಿ ನೋಡಿದವು. ಆಮೇಲೆ ನಮ್ಮಣ್ಣ ಕೊಟ್ಟ ಹುಲ್ಲೇ ರುಚಿ ಅಂತ ತೀರ್ಮಾನಿಸಿ ಅದನ್ನು ತೂತು ತೂತು ಮಾಡಿದವು.

ಮೂರನೆಯದು ಮೀನಿನಂಗಡಿಯವನು ಕೊಟ್ಟ ನೀಲಿ ಹನಿ. ಅದಕ್ಕೆ ಬಸವನಹುಳುಗಳು ಸತ್ತವು, ಪಾಚಿ ಬದುಕಿತು. ಅತ್ತೆ ಆ ಹುಳುಗಳಿಗಾಗಿ ನಿಜವಾಗಿಯೂ ಮರುಗಿದರು. ಮಾವ ಒಂದು ವಾರ ಅವರ ಕಣ್ಣು ತಪ್ಪಿಸಿಕೊಂಡು ಓಡಾಡಿದರು.

ಇಷ್ಟರಲ್ಲಿ ಹರಪನಹಳ್ಳಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ನನ್ನ ಗೆಳತಿ ಊಟಕ್ಕೆ ಬಂದಳು. ತೊಟ್ಟಿಗೆ ಮೂಗು ಹಚ್ಚಿ ನೋಡಿ, "ಪಾಚಿ ಗಾಳಿ ಕುಡಿದು ಇಷ್ಟು ಕೊಬ್ಬಂಗಿಲ್ಲ ಕಣೇ. ನೀರಿನಾಗೆ ಅದಕ್ಕೆ ಊಟ ಸಿಗ್ತೈತಿ. ಯಾರು ಬಡಿಸ್ತಿದೀರಿ ಅಂತ ನೋಡ್ಕಳಿ ಮೊದ್ಲು" ಅಂದಳು. ಎಲ್ಲರೂ ಮಂಡಕ್ಕಿ ಡಬ್ಬಿಯ ಕಡೆ ನೋಡಿದೆವು. ಮಂಡಕ್ಕಿ ಚಿಟಿಕೆಗೆ ಇಳಿಯಿತು, ರೊಟ್ಟಿ ಚೂರು, ಹೋಳಿಗೆ ನಿಂತವು. ವಾರಕ್ಕೊಮ್ಮೆ ಅರ್ಧ ನೀರು ಬದಲಿಸತೊಡಗಿದೆವು. ತೆಗೆದ ನೀರನ್ನು ಬಚ್ಚಲಿಗೆ ಹಾಕದೆ ಹಿಂದಿನ ಓಣಿಯ ಬೇವಿನ ಮರಕ್ಕೇ ಹಾಕಬೇಕೆಂದು ಅತ್ತೆ ಕಟ್ಟಪ್ಪಣೆ ಮಾಡಿದರು. ನೀರಿಗೆ ಬಾಯಿಬಿಡುವ ಊರಿನಲ್ಲಿ ಇದರಲ್ಲಿ ವಿಶೇಷವೇನೂ ನಮಗೆ ಕಾಣಲಿಲ್ಲ. ಬಕೆಟ್ಟು ಹೊತ್ತದ್ದು ನಾನು. ಇದು ಮಾತ್ರ ನನ್ನ ಭುಜಕ್ಕೆ ಚೆನ್ನಾಗಿ ನೆನಪಿದೆ.

ಇಷ್ಟಾದರೂ ಹಸಿರು ಇಳಿಯಲಿಲ್ಲ. ಮನೆಯಲ್ಲಿ ಒಬ್ಬರ ಮೇಲೊಬ್ಬರಿಗೆ ಅನುಮಾನ ಹುಟ್ಟಿತು. ನನ್ನ ಗಂಡ ಚಹಾ ಕುಡಿದು ಲೋಟದ ಗಷ್ಟು ತೊಟ್ಟಿಗೆ ಚೆಲ್ಲುತ್ತಾರೆ ಅಂತ ಅತ್ತೆ. ಮಾವನೇ ಮೀನುಗಳ ಮೇಲಿನ ಕರುಣೆಯಿಂದ ಕದ್ದು ಮಂಡಕ್ಕಿ ಹಾಕುತ್ತಾರೆ ಅಂತ ನನ್ನ ಗಂಡ. ಒಂದು ದಿನ ಮಾವ ನನ್ನನ್ನೇ ಕರೆದು, "ಯವ್ವಾ, ನೀ ಓದಿದಾಕಿ. ಏನರ ಪ್ರಯೋಗ ಮಾಡಾಕತ್ತೀಯೇನು ಇದರ ಮ್ಯಾಲ?" ಅಂತ ಮೆಲ್ಲಗೆ ಕೇಳಿದರು.

ಕೊನೆಯ ಅಸ್ತ್ರ ಕರಿಕಂಬಳಿ. ಬೆಳಕೇ ತಾಗದಂತೆ ತೊಟ್ಟಿಗೆ ನಾಲ್ಕೂ ಕಡೆ ಹೊದಿಸಿ ಬಿಟ್ಟರೆ ಪಾಚಿ ಉಸಿರು ಕಟ್ಟಿ ಸಾಯುತ್ತದೆ, ಹುಲ್ಲು ತಾಳಿಕೊಳ್ಳುತ್ತದೆ ಅಂತ ಗೆಳತಿ ಹೇಳಿಕಳಿಸಿದ್ದಳು. ಮಾವ ಮನೆಯ ಕಂಬಳಿ ಹೊದಿಸಿ, ಯಾರೂ ಮುಟ್ಟಕೂಡದು ಅಂತ ಸಾರಿದರು. ಬಟ್ಟೆ ಅಂಗಡಿಯವರು ಒಳಗೆ ಇಣುಕಿ, "ಏನ್ರಿ ಮಾಸ್ತರ, ಮೀನಿಗೆ ಚಳಿಜ್ವರ ಬಂದೈತೇನ್ರಿ?" ಅಂದರು.

ಕೆಲವು ದಿನ ಕಳೆದು ಕಂಬಳಿ ತೆಗೆದಾಗ ನೀರು ನಿಜವಾಗಿಯೂ ತಿಳಿಯಾಗಿತ್ತು. ಹುಲ್ಲು ಸೊರಗಿದ್ದರೂ ನಿಂತಿತ್ತು. ಮೀನುಗಳು ಮರೆತಿದ್ದ ತಮ್ಮ ಬಣ್ಣ ಮತ್ತೆ ನೆನಪಾದಂತೆ ಹೊಳೆದವು. ಮಾವ ನಮ್ಮನ್ನೆಲ್ಲ ಕೂಗಿ ಕರೆದರು. ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ನೋಡಿ, "ಚಂದ ಆಗೈತಿ ಬಿಡ್ರಿ" ಅಂದರು. ಅಷ್ಟು ಖುಷಿಯಿಂದ ಅವರು ಆ ತೊಟ್ಟಿಯ ಬಗ್ಗೆ ಮಾತಾಡಿದ್ದು ಅದೇ ಮೊದಲು ಅಂತ ನಾನು ಆಗ ಅಂದುಕೊಂಡೆ. ಈಗ ಯೋಚಿಸಿದರೆ, ನಾವು ಅವರನ್ನು ಸರಿಯಾಗಿ ಗಮನಿಸಿದ್ದು ಅದೇ ಮೊದಲಿರಬೇಕು.

ಆದರೆ ಶ್ರಾವಣ ಬರುವ ಹೊತ್ತಿಗೆ ನೀರು ಮತ್ತೆ ಪಾಲಕ್ ಸೊಪ್ಪಿನ ಬಣ್ಣಕ್ಕೆ ತಿರುಗಿತ್ತು.

ಪಾದಪೂಜೆಯ ಹಿಂದಿನ ಭಾನುವಾರ. ಅತ್ತೆ ಏನೂ ನೆನಪಿಸಲಿಲ್ಲ. ಮಾವನೇ ಬೆಳಗಿನ ಉಪ್ಪಿಟ್ಟು ಮುಗಿಸಿ ಮಗನಿಗೆ, "ತಗಿಯೋ. ಬಕೆಟ್ಟಿನಾಗ ಮೀನ ಹಿಡಿದಿಡು, ನೀರು ಖಾಲಿ ಮಾಡು, ಶೆಡ್ಡಿಗೆ ಒಯ್ಯೋಣು" ಅಂದರು. ಆಮೇಲೆ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಪೇಪರು ಹಿಡಿದರು. ಅದು ಹಿಂದಿನ ದಿನದ ಪೇಪರು.

ನನ್ನ ಗಂಡ ಮೀನು ಹಿಡಿಯುವುದನ್ನು ಆಮೇಲಕ್ಕಿಟ್ಟು, ಉದ್ದನೆಯ ರಬ್ಬರ್ ಪೈಪಿನ ಒಂದು ತುದಿ ತೊಟ್ಟಿಗಿಳಿಸಿ, ಇನ್ನೊಂದು ತುದಿಯಿಂದ ನೀರು ಎಳೆಯಲು ಹೋಗಿ ಬಾಯಿ ತುಂಬ ಪಾಚಿ ನೀರು ಕುಡಿದು ಉಗುಳಿ, ಅಂತೂ ಪೈಪನ್ನು ಕಿಟಕಿಯಿಂದ ಆಚೆ ಗಟಾರಕ್ಕೆ ಬಿಟ್ಟರು. ಹಸಿರು ನೀರು ಜುಳುಜುಳು ಇಳಿಯತೊಡಗಿತು. ಆ ಸದ್ದಿಗೆ ಅಡುಗೆಮನೆಯಿಂದ ಅತ್ತೆ ಬಂದರು. ಕೈಗೆ ಹಿಟ್ಟು ಮೆತ್ತಿತ್ತು.

"ಏ, ಏ, ಏ! ಗಟಾರಕ್ಕ ಬಿಡಾಕತ್ತೀಯೇನೋ? ಎತ್ತು ಪೈಪ!"

"ಮತ್ತೆಲ್ಲಿ ಬಿಡಲವ್ವಾ? ನೀನೇ ಹೊರಗ ಹಾಕಂದಿ."

"ತೊಟ್ಟಿ ಹೊರಗ ಹಾಕಂದೆ. ನೀರು ಗಟಾರಕ್ಕ ಬಿಡಂದ್ನೇನು? ಎತ್ತಲೇ ಮೊದ್ಲ!"

ನನ್ನ ಗಂಡ ಪೈಪು ಎತ್ತಿದರು. ಅಂಗಿ ತೊಯ್ದಿತು. "ತೊಟ್ಟಿ ತುಂಬಾ ನೀರೈತಿ. ಇಷ್ಟನ್ನೂ ಬೇವಿನ ಗಿಡಕ್ಕ ಯಾರು ಹೊರ್ತಾರ?"

"ಯಾರರ ಹೊರ್ರಿ. ಮಂದಿ ತುಳಿಯೋ ಕಡೆ ಚೆಲ್ಲಂಗಿಲ್ಲ."

"ಪಾಚಿ ನೀರಿಗೆ ಏನವ್ವಾ ಇಷ್ಟೊಂದು ಮಡಿ?"

ಅತ್ತೆ ಹಿಟ್ಟಿನ ಕೈಯನ್ನೇ ನೋಡಿಕೊಂಡರು. ಮಾವ ಪೇಪರು ಮಡಚಿ ಕುರ್ಚಿಯ ಸಮೇತ ಈ ಕಡೆ ತಿರುಗಿದರು.

"ಅದರಾಗ ಲಿಂಗದ ನೀರೈತಿ" ಅಂದರು ಅತ್ತೆ.

ಅತ್ತೆ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಕೊರಳಿನ ಲಿಂಗವನ್ನು ಎಡಗೈ ಮೇಲಿಟ್ಟುಕೊಂಡು ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿ ಪೂಜೆ ಮಾಡುತ್ತಿದ್ದರು. ಸೋಮವಾರ ಹಾಲನ್ನೂ ಎರೆಯುತ್ತಿದ್ದರು. ಆ ತೀರ್ಥವನ್ನು ಒಂದಿಷ್ಟು ತಾವು ತೆಗೆದುಕೊಂಡು ಉಳಿದದ್ದನ್ನು ಕಾಲಿಗೆ ಸಿಗದ ಕಡೆ, ಯಾವುದಾದರೂ ಗಿಡದ ಬುಡಕ್ಕೆ ಹಾಕುವುದು ಆ ಮನೆಯ ರೂಢಿ. ಅದಕ್ಕೆಂದೇ ಅಂಗಳದಲ್ಲಿ ಒಂದು ಕಣಗಿಲೆ ಗಿಡ ಇತ್ತು. ಹಿಂದಿನ ವರ್ಷ ನನ್ನ ಗಂಡ ಬೈಕು ನಿಲ್ಲಿಸಲು ಗಿಡ ತೆಗೆಸಿ ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಿದ್ದರು. ಬೇವಿನ ಮರಕ್ಕೆ ಹೋಗಬೇಕೆಂದರೆ ಮಡಿಯಲ್ಲಿ ಓಣಿ ದಾಟಬೇಕು. ಅದನ್ನು ಅತ್ತೆ ಮಾಡುವವರಲ್ಲ.

"ಮತ್ತೇನ್ ಮಾಡ್ಲಿ ನಾ?" ಅಂತ ಅತ್ತೆ ಮಗನ ಮೇಲೇ ತಿರುಗಿದರು. "ಅಂಗಳಕ್ಕ ಸಿಮೆಂಟ ಬಳಿಸಿ ಗಾಡಿ ನಿಲ್ಲಿಸೀದಿ. ಇಡೀ ಮನ್ಯಾಗ ಹಸರು ಅನ್ನೋದು ಇರೋದು ಇದೊಂದರಾಗ. ಯಾರೂ ತುಳಿಯಂಗಿಲ್ಲ, ನಾಯಿ ಮುಟ್ಟಂಗಿಲ್ಲ. ಹಾಕಿದೆ."

"ವಿಭೂತಿ ಸಮೇತ?" ಅಂದರು ನನ್ನ ಗಂಡ.

"ಲಿಂಗಕ್ಕ ಹಚ್ಚಿದ್ದು ನೀರಾಗ ಬರದ ಎಲ್ಲಿಗೆ ಹೋಗತೈತಿ?"

"ಹಾಲು?"

"ಸೋಮವಾರ ಅಷ್ಟೇ." ಸ್ವಲ್ಪ ತಡೆದು, "ಸಕ್ರಿ ಪ್ರಸಾದ ಒಂಚೂರು. ನೀವು ಮಂಡಕ್ಕಿ ನಿಲ್ಲಿಸಿ ಉಪಾಸ ಕೆಡವಿದ್ರಲ್ಲ ಅವನ್ನ, ಪಾಪ."

"ಕಂಬಳಿ ಹೊದಿಸಿದ್ವಲ್ಲ ಅತ್ತಿ, ಆಗ?" ಅಂದೆ ನಾನು.

"ಮೂಲಿ ಎತ್ತಿ ಹಾಕ್ತಿದ್ದೆ. ಎತ್ತಿ ಎತ್ತಿ ಸಾಕಾತು. ಏನ್ ಭಾರ ಆ ಕಂಬಳಿ!"

ನನ್ನ ಗಂಡ ಒದ್ದೆ ಅಂಗಿಯಲ್ಲೇ ನೆಲಕ್ಕೆ ಕೂತು ನಕ್ಕರು. ನಾನು ಸೆರಗು ಬಾಯಿಗಿಟ್ಟುಕೊಂಡೆ. ಮಾವ ಮಾತ್ರ ನಗಲಿಲ್ಲ.

"ಯಾವಾಗಿಂದ ಹಾಕಾಕತ್ತೀದಿ?"

"ನೀವು ಹುಲ್ಲು ನೆಟ್ಟ ಮರುದಿವ್ಸದಿಂದ."

"ತೊಟ್ಟಿ ತಂದಾಗ ಮೂಗು ಮುರಿದ್ಯಲ್ಲ ನೀ?"

"ಮೀನಿಗೆ ಮುರಿದೆ. ಗಿಡಕ್ಕಲ್ಲ."

ಇಲ್ಲಿ ನಾನು ಓದಿದವಳ ಕೆಲಸ ಮಾಡಲು ಹೋದೆ. ಬೂದಿಯೂ ಹಾಲೂ ಪಾಚಿಗೆ ಗೊಬ್ಬರವಿದ್ದಂತೆ, ಇಷ್ಟು ದಿನ ನಾವು ಹುಡುಕಿದ್ದು ಇದನ್ನೇ ಅಂತ ಹೇಳಲು "ಅತ್ತಿ, ಅದಕ್ಕೇ ಈ ಪಾಚಿ" ಅಂದಿದ್ದೆನಷ್ಟೆ. ಮಾವ ಕೈ ಎತ್ತಿ ತಡೆದರು. ತರಗತಿಯಲ್ಲಿ ಗದ್ದಲ ನಿಲ್ಲಿಸಲು ಎತ್ತುತ್ತಿದ್ದ ಕೈ ಇರಬೇಕು ಅದು. ಆಮೇಲೆ ಅತ್ತೆಗೆ, "ಈಗ ನೀ ಹೇಳು. ಒಳಗೋ, ಹೊರಗೋ?" ಅಂದರು.

ಅತ್ತೆ ತೊಟ್ಟಿಯನ್ನು ನೋಡಿದರು. ನೀರು ಮುಕ್ಕಾಲಿಗೆ ಇಳಿದಿತ್ತು. ಕಿತ್ತಳೆ ಸಾಹುಕಾರ ಗಾಜಿಗೆ ಬಾಯಿ ಹಚ್ಚಿ ನಿಂತಿದ್ದ.

"ಇಷ್ಟು ದಿನದ ತೀರ್ಥ ಐತಿ. ತಗದು ಎಲ್ಲಿಡ್ತೀರಿ? ಇರಲಿ ಬಿಡ್ರಿ ಅಲ್ಲೇ" ಅಂದರು. ಅಡುಗೆಮನೆಗೆ ಹೋಗುತ್ತ ಬಾಗಿಲಲ್ಲಿ ನಿಂತು, "ಕಮ್ಮಿ ಆಗಿದ್ದು ತುಂಬಸ್ರಿ ಮತ್ತ. ಮೀನ ತ್ರಾಸ ಪಡ್ತಾವ" ಅಂದರು.

ಪಾದಪೂಜೆಯ ದಿನ ಮಾವ ಮುಂಜಾನೆಯೇ ಎದ್ದು ಹಳೆಯ ಬ್ಲೇಡಿನಿಂದ ಮುಂದಿನ ಗಾಜನ್ನಷ್ಟೇ ಹೆರೆದು ತೆಗೆದರು. ಮೂರು ಕಡೆ ಹಸಿರು ಗೋಡೆ, ಮುಂದೆ ಮಾತ್ರ ಕಿಟಕಿ. ನಿಜ ಹೇಳಬೇಕೆಂದರೆ ಮೊದಲಿಗಿಂತ ಅದೇ ಚೆಂದ ಕಾಣುತ್ತಿತ್ತು. ಅಥವಾ ಈಗ ನನಗೆ ಹಾಗೆ ಅನ್ನಿಸುತ್ತಿದೆ. ಅಜ್ಜಾರು ತೊಟ್ಟಿ ನೋಡಿ ನಕ್ಕರು ಅಂತ ನನ್ನ ನೆನಪು. ಅವರು ಅದನ್ನು ಗಮನಿಸಲೇ ಇಲ್ಲ, ನಕ್ಕದ್ದು ಹೋಳಿಗೆಗೆ ಅಂತ ನನ್ನ ಗಂಡ.

ಒಂದು ಮಾತು ಮಾತ್ರ ಇಬ್ಬರಿಗೂ ಒಂದೇ ತರ ನೆನಪಿದೆ. ಕೂಡ್ಲಿಗಿಯಿಂದ ಬಂದಿದ್ದ ಅತ್ತೆಯ ಅಕ್ಕ ಊಟಕ್ಕೆ ಕೂತಾಗ ಎಲ್ಲರಿಗೂ ಕೇಳುವಂತೆ, "ಏನವ್ವಾ ತಂಗಿ, ಅಜ್ಜಾರು ಬರೋ ಮನ್ಯಾಗ ಮೀನಾ?" ಅಂದರು.

ಅತ್ತೆ ತುಪ್ಪ ಬಡಿಸುತ್ತಿದ್ದರು. ಕೈ ನಿಲ್ಲಿಸದೆ ಅಂದರು: "ನಮ್ಮವು ಲಿಂಗದ ನೀರಾಗ ಬೆಳೆದಾವಕ್ಕಾ. ಮಂಡಕ್ಕಿ ಬಿಟ್ರ ಒಂದೂ ಮುಟ್ಟಂಗಿಲ್ಲ. ನಿನ್ನ ಅಳಿಯ ಹೊಸಪೇಟ್ಯಾಗ ಏನ್ ಮುಟ್ತಾನ ಅಂತ ವಿಚಾರಿಸಿಯೇನು?"

ಅಕ್ಕ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ತೊಟ್ಟಿ ಒಳಗೇ ಉಳಿಯಿತು, ಪಾಚಿಯೂ ಉಳಿಯಿತು. ಇದರ ಮೇಲೆ ಅತ್ತೆ, ಮಾವನ ನಡುವೆ ಒಂದು ಒಪ್ಪಂದ ಆದದ್ದು ನನಗೆ ನಂತರ ಗೊತ್ತಾಯಿತು. ಹಾಲು ಬೆರೆತದ್ದನ್ನು ಅತ್ತೆ ಪೂರ್ತಿ ತಾವೇ ತೆಗೆದುಕೊಳ್ಳಬೇಕು, ಬರೀ ನೀರನ್ನು ತೊಟ್ಟಿಗೆ ಹಾಕಬಹುದು. ಸಕ್ಕರೆಯ ಬಗ್ಗೆ ಮಾತುಕತೆ ನಡೆಯುತ್ತಲೇ ಇತ್ತು. ಅತ್ತೆ ತಮ್ಮ ಪಾಲನ್ನು ಪಾಲಿಸಿದರೋ ಇಲ್ಲವೋ ಅಂತ ನಾನು ನಿಂತು ನೋಡಲಿಲ್ಲ. ಹಸಿರು ಸ್ವಲ್ಪ ಇಳಿಯಿತು ಅನ್ನುವುದಷ್ಟೇ ನನ್ನ ಹತ್ತಿರ ಇರುವ ಸಾಕ್ಷಿ.

ಶ್ರಾವಣ ಮುಗಿದ ಮೇಲಿನ ಒಂದು ಮಧ್ಯಾಹ್ನ. ಮಾವನ ಕಣ್ಣಿಗೆ ಏನೋ ಹನಿ ಹಾಕಿದ್ದರಿಂದ ಅವರು ಬ್ಲೇಡು ಹಿಡಿಯುವಂತಿರಲಿಲ್ಲ. ಅತ್ತೆ ಒದ್ದೆ ಬಟ್ಟೆ ತಂದು ಮುಂದಿನ ಗಾಜನ್ನು ತಿಕ್ಕತೊಡಗಿದರು.

"ಇಲ್ಲೊಂದು ಕಲೆ ಹೋಗವಲ್ದು ನೋಡ್ರಿ."

"ಜೋರಾಗಿ ತಿಕ್ಕು" ಅಂದರು ಮಾವ.

ತಿಕ್ಕಿದರು. "ಉಹುಂ."

"ಇನ್ನೊಂಚೂರು ಬಲಕ್ಕ. ಹಾಂ. ಇನ್ನೂ ಜೋರಾಗಿ."

ಅತ್ತೆ ಸಾಕಷ್ಟು ಹೊತ್ತು ತಿಕ್ಕಿ, ಉಗುರಿನಿಂದ ಕೆರೆದು, ಆಮೇಲೆ ಬಟ್ಟೆಯನ್ನು ನೋಡಿದರು. ಬಟ್ಟೆ ಬೆಳ್ಳಗೇ ಇತ್ತು.

"ಇದು ಒಳಗೈತೇನ್ರಿ?"

ಮಾವ ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದರು. ಅತ್ತೆ ಆ ಬಟ್ಟೆಯನ್ನು ಅವರ ಹೆಗಲ ಮೇಲೆ ಎಸೆದು, "ಕೊಡ್ರಿ ಇಲ್ಲಿ ಆ ಬ್ಲೇಡ" ಅಂದರು. ಬಳೆಗಳನ್ನು ಮೇಲಕ್ಕೆ ಸರಿಸಿ, ಸೆರಗು ಸಿಕ್ಕಿಸಿ, ಮೊಣಕೈವರೆಗೆ ಕೈಯನ್ನು ತೊಟ್ಟಿಯೊಳಗೆ ಇಳಿಸಿದರು. ಊಟ ಬಂತೆಂದು ಮೀನುಗಳೆಲ್ಲ ಕೈ ಸುತ್ತ ಮುತ್ತಿದವು.

"ಸರೀರೋ ಅತ್ಲಾಗ" ಅಂದರು ಅತ್ತೆ. "ಕಚಗುಳಿ ಇಡಬ್ಯಾಡ್ರಿ, ಕೆಲಸ ಐತಿ."